ಮೊದಲ ನಾಯಕಿ, ಕೊನೆಗೆ ಅಮ್ಮ: ಪಂಡರೀಬಾಯಿ ನಡೆದ ದಾರಿ

1952ರ ದೀಪಾವಳಿಗೆ ‘ಪರಾಶಕ್ತಿ’ ತೆರೆಕಂಡಿತು. ಅದು ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ, ಸಂಭಾಷಣೆ ಎಂ. ಕರುಣಾನಿಧಿಯವರದು. ಆ ಹೊಸ ನಾಯಕನಿಗೆ ಜೋಡಿಯಾಗಿ ವಿಮಲಾ ಪಾತ್ರ ಮಾಡಿದವರು ಭಟ್ಕಳದಲ್ಲಿ ಹುಟ್ಟಿದ ಪಂಡರೀಬಾಯಿ. ಎರಡು ವರ್ಷ ಕಳೆದು, 1954ರಲ್ಲಿ, ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರವದು. ಅಲ್ಲಿ ಅವರ ಹೆಂಡತಿ ನೀಲಾ ಆದವರೂ ಪಂಡರೀಬಾಯಿಯೇ. ಹೀಗೆ ತಮಿಳು ಮತ್ತು ಕನ್ನಡದ ಇಬ್ಬರು ಮೇರುನಟರಿಗೂ ಮೊದಲ ನಾಯಕಿ ಒಬ್ಬರೇ ಆದರು.

ಆಗ ಹೊಸಬರು ಆ ಇಬ್ಬರು ನಟರು, ಪಂಡರೀಬಾಯಿಯಲ್ಲ. ಅವರು 1943ರ ‘ವಾಣಿ’ಯಲ್ಲೇ ತೆರೆಗೆ ಬಂದಿದ್ದರು, 1953ರ ‘ಗುಣಸಾಗರಿ’ಯಲ್ಲಿ ಹೊನ್ನಪ್ಪ ಭಾಗವತರ್ ಜೊತೆ ನಟಿಸಿದ್ದರು. ಕನ್ನಡ ಚಿತ್ರಗಳೂ ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲವದು. ಆ ಊರಿನಲ್ಲಿ ಕಲಾವಿದರು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲು ರೈಲು ಹತ್ತಬೇಕಿರಲಿಲ್ಲ. ಪಂಡರೀಬಾಯಿ ಆ ಅನುಕೂಲವನ್ನು ಪೂರಾ ಬಳಸಿಕೊಂಡರು. ಕನ್ನಡ, ತಮಿಳು, ತೆಲುಗು, ಹಿಂದಿ, ನಾಲ್ಕರಲ್ಲೂ ನಟಿಸಿದರು.

ನಾಯಕಿಯಾಗಿ ಅವರ ಶಕ್ತಿ ಎಷ್ಟಿತ್ತೆಂದು ತಿಳಿಯಲು 1954ರ ‘ಅಂದ ನಾಳ್’ ನೋಡಬೇಕು. ಎಸ್. ಬಾಲಚಂದರ್ ನಿರ್ದೇಶಿಸಿದ ಈ ಎವಿಎಂ ಚಿತ್ರದಲ್ಲಿ ಒಂದೂ ಹಾಡಿಲ್ಲ. ಎರಡನೇ ಮಹಾಯುದ್ಧದ ಮದರಾಸು. ರೇಡಿಯೋ ಎಂಜಿನಿಯರ್ ಒಬ್ಬ ಗುಂಡೇಟಿಗೆ ಸತ್ತುಬಿದ್ದಿದ್ದಾನೆ. ಕೊಂದವರಾರೆಂದು ಒಬ್ಬೊಬ್ಬರೂ ಒಂದೊಂದು ಕಥೆ ಹೇಳುತ್ತಾರೆ. ದೇಶದ ಗುಟ್ಟನ್ನು ಶತ್ರುವಿಗೆ ಮಾರುತ್ತಿದ್ದ ಆ ಗಂಡನ ಸಾವಿಗೆ ಹೆಂಡತಿ ಉಷಾಳೇ ಕಾರಣ ಎಂಬುದು ಕೊನೆಗೆ ತಿಳಿಯುತ್ತದೆ. ಗಂಡನಾಗಿ ಶಿವಾಜಿ, ಹೆಂಡತಿಯಾಗಿ ಪಂಡರೀಬಾಯಿ. ಪತಿಯೋ ದೇಶವೋ ಎಂಬ ಇಕ್ಕಟ್ಟನ್ನು ಹೊತ್ತ ಪಾತ್ರ ಇಲ್ಲಿ ನಾಯಕನದಲ್ಲ, ನಾಯಕಿಯದು.

ಮುಂದಿನ ಕೆಲವೇ ವರ್ಷಗಳಲ್ಲಿ ಅವರು ನಿರ್ಮಾಪಕಿಯೂ ಆದರು. 1955ರ ‘ಸಂತ ಸಖು’, 1957ರ ‘ರಾಯರ ಸೊಸೆ’ ಅವರ ನಿರ್ಮಾಣದವು. ‘ರಾಯರ ಸೊಸೆ’ಯಲ್ಲಿ ರಾಜ್‌ಕುಮಾರ್, ಕಲ್ಯಾಣ್‌ಕುಮಾರ್ ಜೊತೆಗೆ ತಂಗಿ ಮೈನಾವತಿಯೂ ಇದ್ದರು.

ಅಷ್ಟರಲ್ಲೇ ದಾರಿ ತಿರುಗತೊಡಗಿತ್ತು. 1959ರಲ್ಲಿ ಜೆಮಿನಿಯ ಹಿಂದಿ ಚಿತ್ರ ‘ಪೈಗಾಮ್’ನಲ್ಲಿ ನಾಯಕಿ ವೈಜಯಂತಿಮಾಲಾ; ಪಂಡರೀಬಾಯಿ ನಾಯಕನ ಅತ್ತಿಗೆ. 1965ರ ‘ಎಂಗ ವೀಟ್ಟು ಪಿಳ್ಳೈ’ಯಲ್ಲಿ ಎಂಜಿಆರ್‌ಗೆ ಅಕ್ಕ. 1968ರ ‘ಕುಡಿಯಿರುಂದ ಕೋಯಿಲ್’ನಲ್ಲಿ ಅದೇ ಎಂಜಿಆರ್‌ಗೆ ತಾಯಿ. ಎಂಜಿಆರ್ ಹುಟ್ಟಿದ್ದು 1917ರಲ್ಲಿ. ತೆರೆಯ ಮೇಲಿನ ಈ ಅಮ್ಮ ಮಗನಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು!

ಚಿತ್ರರಂಗದ ಗಡಿಯಾರ ಗಂಡಸಿಗೊಂದು, ಹೆಂಗಸಿಗೊಂದು. ನಾಯಕನ ಹೆಸರಿನ ಮೇಲೆ ಚಿತ್ರದ ವ್ಯಾಪಾರ ನಿಂತಿರುತ್ತದೆ, ಆದ್ದರಿಂದ ಅವನು ವಯಸ್ಸಾಗುವಂತಿಲ್ಲ. ಅವನ ಯೌವನ ಉಳಿಯಬೇಕಾದರೆ ಪಕ್ಕದಲ್ಲಿರುವವರ ವಯಸ್ಸು ಬದಲಾಗಬೇಕು: ಒಂದು ಕಡೆ ಹೊಸ ಹುಡುಗಿ ಬರಬೇಕು, ಇನ್ನೊಂದು ಕಡೆ ನರೆಗೂದಲ ತಾಯಿ ಇರಬೇಕು. ನಿನ್ನೆಯ ನಾಯಕಿಗೆ ತಲೆಗೆ ಬಿಳಿ ಬಣ್ಣ ಬಳಿದರೆ ಎರಡನೆಯದು ಸಲೀಸು.

ಈ ಲೆಕ್ಕವನ್ನು 1969ರ ‘ದೈವ ಮಗನ್’ನಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರ ಸಿಗುವುದು ಕಷ್ಟ. ಶಿವಾಜಿಗೆ ಅದರಲ್ಲಿ ಮೂರು ಪಾತ್ರ: ಒಬ್ಬ ತಂದೆ, ಇಬ್ಬರು ಮಕ್ಕಳು. ಪಂಡರೀಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇನ್ನಿಬ್ಬರು ಶಿವಾಜಿಗಳಿಗೆ ತಾಯಿ. ಹದಿನೇಳು ವರ್ಷದ ಹಿಂದೆ ‘ಪರಾಶಕ್ತಿ’ಯಲ್ಲಿ ಜೋಡಿಯಾಗಿದ್ದವರು ಇವರು. ಕಿರಿಯ ಮಗನಾದ ಶಿವಾಜಿಗೆ ಈಗ ಜೋಡಿ ಜಯಲಲಿತಾ.

ಆದರೆ ಇದನ್ನು ಬರೀ ಇಳಿಜಾರಿನ ಕಥೆಯೆಂದು ಓದಿದರೆ ಅವರ ನಟನೆಗೆ ಅನ್ಯಾಯವಾಗುತ್ತದೆ. ಅದೇ ಚಿತ್ರದಲ್ಲಿ ವಿಕಾರ ಮುಖದೊಂದಿಗೆ ಹುಟ್ಟಿದ ಮೊದಲ ಮಗು ಬದುಕಿದೆಯೆಂದು ತಾಯಿಗೆ ಗೊತ್ತಿಲ್ಲ. ಮೂವರು ಶಿವಾಜಿಗಳು ತಾರಸ್ಥಾಯಿಯಲ್ಲಿ ನಟಿಸುವಾಗ ಆಕೆ ದನಿ ತಗ್ಗಿಸಿ ನಿಲ್ಲುತ್ತಾರೆ. ಆ ತಗ್ಗಿದ ದನಿ ಇರುವುದರಿಂದಲೇ ಅವರ ಎತ್ತರ ನಮಗೆ ಅಳತೆಗೆ ಸಿಗುತ್ತದೆ.

ಕನ್ನಡದಲ್ಲಿ 1967ರ ‘ಬೆಳ್ಳಿಮೋಡ’ ಇನ್ನೊಂದು ಉದಾಹರಣೆ. ಪುಟ್ಟಣ್ಣ ಕಣಗಾಲರ ಈ ಚಿತ್ರವೆಂದರೆ ಎಲ್ಲರಿಗೂ ನೆನಪಾಗುವುದು ಕಲ್ಪನಾ. ಕಥೆಯ ಗಂಟು ಮಾತ್ರ ತಾಯಿಯ ಪಾತ್ರದಲ್ಲಿದೆ. ಮದುವೆ ನಿಶ್ಚಯವಾದ ಮಗಳಿರುವಾಗ ತಾಯಿ ಮತ್ತೆ ಬಸುರಿಯಾಗಿ ಗಂಡುಮಗು ಹೆರುತ್ತಾಳೆ. ಮಗಳು ಒಬ್ಬಳೇ ವಾರಸುದಾರಳಾಗಿ ಉಳಿಯುವುದಿಲ್ಲ; ಆಸ್ತಿ ನೋಡಿ ಒಪ್ಪಿದ್ದ ಹುಡುಗ ದೂರ ಸರಿಯುತ್ತಾನೆ. ವಯಸ್ಸಿಗೆ ಬಂದ ಮಗಳ ಮುಂದೆ ಬಸುರಿಯಾಗಿರುವ ಹೆಂಗಸಿನ ಸಂಕೋಚ, ಜೊತೆಗೆ ಗಂಡುಮಗುವಿನ ಸಂತೋಷ: ಎರಡನ್ನೂ ಹೊರಬೇಕಾದ ಪಾತ್ರವದು. ಪಂಡರೀಬಾಯಿ ಅದನ್ನು ಹೊತ್ತರು.

1986ರಲ್ಲಿ ‘ಅನುರಾಗ ಅರಳಿತು’ ಬಂತು. ರಾಜ್‌ಕುಮಾರ್ ನಾಯಕ, ಪಂಡರೀಬಾಯಿ ಅವರ ಕಾಯಿಲೆಬಿದ್ದ ತಾಯಿ. ನೀಲಾಳನ್ನು ಕಾಡಿನಲ್ಲಿ ಕಂಡ ಪ್ರೇಕ್ಷಕರು ಮೂವತ್ತೆರಡು ವರ್ಷದ ಬಳಿಕ ಅವಳನ್ನು ಅದೇ ಬೇಡನ ಅಮ್ಮನಾಗಿ ಕಂಡರು. ಚಿತ್ರದ ನಾಯಕಿ ಮಾಧವಿ ‘ಬೇಡರ ಕಣ್ಣಪ್ಪ’ ಬಂದಾಗ ಹುಟ್ಟಿಯೇ ಇರಲಿಲ್ಲ. 1992ರಲ್ಲಿ ಪಿ. ವಾಸು ಇದನ್ನು ತಮಿಳಿನಲ್ಲಿ ‘ಮನ್ನನ್’ ಎಂದು ಮಾಡಿದಾಗ ನಾಯಕ ರಜನೀಕಾಂತ್, ನಾಯಕಿ ವಿಜಯಶಾಂತಿ. ತಾಯಿ ಮಾತ್ರ ಪಂಡರೀಬಾಯಿಯೇ. ಮಗ ತಾಯಿಗಾಗಿ ಹಾಡುವ, ಇಳಯರಾಜಾ ಸಂಗೀತದ ಹಾಡು ಇಂದಿಗೂ ತಮಿಳುನಾಡಿನ ಮನೆಗಳಲ್ಲಿ ಕೇಳುತ್ತದೆ. ಆ ಹಾಡಿನ ತುಂಬ ಕಾಣುವ ಮುಖ ಭಟ್ಕಳದ ಈ ಹೆಂಗಸಿನದು ಎಂದು ಕೇಳುವವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ.

1994–95ರ ಸಾಲಿನ ಡಾ. ರಾಜ್‌ಕುಮಾರ್ ಪ್ರಶಸ್ತಿಯನ್ನು ಕರ್ನಾಟಕ ಸರ್ಕಾರ ಪಂಡರೀಬಾಯಿಯವರಿಗೆ ಕೊಟ್ಟಿತು. 2003ರ ಜನವರಿ 29ರಂದು ಅವರು ಚೆನ್ನೈನಲ್ಲಿ ತೀರಿಕೊಂಡರು. ಪ್ರಶಸ್ತಿಯ ಮೇಲಿದ್ದ ಹೆಸರು, ಅವರು ಒಂದು ಚಿತ್ರದಲ್ಲಿ ಗಂಡನೆಂದೂ ಇನ್ನೊಂದರಲ್ಲಿ ಮಗನೆಂದೂ ಕರೆದ ನಟನದು.