ಬದಲಾಗುವ ದತ್ತಸಂಚಯಗಳಲ್ಲಿ ಆವರ್ತನ ವಿನ್ಯಾಸಗಳ ಶೋಧ

ಬದಲಾಗುವ ದತ್ತಸಂಚಯಗಳಲ್ಲಿ ಆವರ್ತನ ವಿನ್ಯಾಸಗಳ ಶೋಧವು ದತ್ತಾಂಶ ಗಣಿಗಾರಿಕೆಯ ಒಂದು ವಿಭಾಗ. ಯಾವ ವಸ್ತುಗಳು ಮತ್ತೆ ಮತ್ತೆ ಜೊತೆಯಾಗಿ ದಾಖಲಾಗುತ್ತವೆ ಎಂಬುದನ್ನು ಒಮ್ಮೆ ಕಂಡುಕೊಂಡ ಬಳಿಕ, ದಾಖಲೆಗಳು ಸೇರಿದಾಗ ಅಥವಾ ಅಳಿದಾಗ ಎಲ್ಲವನ್ನೂ ಮೊದಲಿನಿಂದ ಎಣಿಸದೆ ಫಲಿತಾಂಶವನ್ನು ಪರಿಷ್ಕರಿಸುವುದು ಇದರ ಗುರಿ. ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ಪಠ್ಯಕ್ರಮದಲ್ಲಿ ದತ್ತಾಂಶ ಗಣಿಗಾರಿಕೆಯು ಅಧ್ಯಯನದ ವಿಷಯವಾಗಿದೆ.

ಹಿನ್ನೆಲೆ

ರಾಕೇಶ್ ಅಗ್ರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ 1994ರಲ್ಲಿ ಪ್ರಕಟಿಸಿದ ಅಪ್ರಿಯೊರಿ ಅಲ್ಗಾರಿದಮ್ ಈ ಕ್ಷೇತ್ರದ ತಳಹದಿ. ಒಂದು ವಸ್ತುಗುಚ್ಛವು ಒಟ್ಟು ದಾಖಲೆಗಳಲ್ಲಿ ನಿಗದಿತ ಪ್ರಮಾಣಕ್ಕಿಂತ ಕಡಿಮೆಯಿಲ್ಲದಂತೆ ಕಂಡುಬಂದರೆ ಅದು ಆವರ್ತನ ಗುಚ್ಛ. ಆ ಪ್ರಮಾಣಕ್ಕೆ ಕನಿಷ್ಠ ಬೆಂಬಲ ಎಂದು ಹೆಸರು. ದತ್ತಸಂಚಯ ಸ್ಥಿರವಾಗಿದೆ ಎಂದು ಅಪ್ರಿಯೊರಿ ಭಾವಿಸುತ್ತದೆ. ವ್ಯವಹಾರದಲ್ಲಿ ಅಂತಹ ಸ್ಥಿರತೆ ಅಪರೂಪ.

ಎಫ್‌ಯುಪಿ ವಿಧಾನ

ಡೇವಿಡ್ ಚಿಯುಂಗ್, ಜಿಯಾವೆ ಹಾನ್ ಮೊದಲಾದವರು 1996ರಲ್ಲಿ ಮಂಡಿಸಿದ ಈ ವಿಧಾನವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಸಹ್ಯಾದ್ರಿಯ ಮಗ್ಗುಲಿನ ಖಾನಾಪುರದಲ್ಲಿ ಮುಂಗಾರು ಜೋರು. ಅಲ್ಲಿನ ಅಂಗಡಿಯೊಂದರಲ್ಲಿ ಮೇ ಕೊನೆಯವರೆಗೆ 1000 ಬಿಲ್ಲುಗಳಿವೆ, ಕನಿಷ್ಠ ಬೆಂಬಲ ಶೇಕಡಾ 5 ಎನ್ನೋಣ. ಮಣ್ಣಿನ ಮಡಕೆ ಮತ್ತು ಶರಬತ್ತು 55 ಬಿಲ್ಲುಗಳಲ್ಲಿ ಜೊತೆಯಾಗಿವೆ. ಮಿತಿ 50 ಆದ್ದರಿಂದ ಇದು ಆವರ್ತನ ಗುಚ್ಛ. ಛತ್ರಿ ಮತ್ತು ಟಾರ್ಚು 30ರಲ್ಲಿ ಮಾತ್ರ ಇದ್ದು ಹೊರಗುಳಿಯುತ್ತವೆ. ಜೂನಿನಲ್ಲಿ 200 ಬಿಲ್ಲುಗಳು ಸೇರಿ ಮಿತಿ 60ಕ್ಕೆ ಏರುತ್ತದೆ. ಹೊಸ ಬಿಲ್ಲುಗಳಲ್ಲಿ ಮಡಕೆಯ ಗುಚ್ಛ ಎರಡೇ ಬಾರಿ ಬಂದರೆ ಒಟ್ಟು 57 ಆಗಿ ಅದು ಪಟ್ಟಿಯಿಂದ ಬೀಳುತ್ತದೆ. ಇದಕ್ಕೆ ಹಳೆಯ ಬಿಲ್ಲುಗಳನ್ನು ನೋಡಬೇಕಿಲ್ಲ. ಹಳೆಯ ಎಣಿಕೆ ಕೈಯಲ್ಲಿಯೇ ಇದೆ.

ಛತ್ರಿಯ ಗುಚ್ಛ ಹೊಸ 200ರಲ್ಲಿ 40 ಬಾರಿ ಬಂದಿದ್ದರೆ ಸಂಗತಿ ಬೇರೆ. ಅದರ ಹಳೆಯ ಎಣಿಕೆಯನ್ನು ಉಳಿಸಿಕೊಂಡಿಲ್ಲವಾದ್ದರಿಂದ ಹಳೆಯ ಬಿಲ್ಲುಗಳನ್ನು ಮತ್ತೆ ಶೋಧಿಸಿದಾಗಲೇ ಒಟ್ಟು 70 ಎಂಬುದು ತಿಳಿಯುತ್ತದೆ. ಆದರೆ ಹಿಂದೆ ಮಿತಿ ಮುಟ್ಟದ ಗುಚ್ಛವೊಂದು ಹೊಸದರಲ್ಲಿಯೂ 10ಕ್ಕಿಂತ ಕಡಿಮೆ ಬಾರಿ ಬಂದರೆ, ಹೆಚ್ಚೆಂದರೆ 49 ಮತ್ತು 9 ಸೇರಿ 58. ಅದನ್ನು ನೋಡದೆಯೇ ಕೈಬಿಡಬಹುದು. ಶ್ರಮ ಉಳಿಯುವುದು ಮುಖ್ಯವಾಗಿ ಇಲ್ಲಿಯೇ. ಅಳಿಸಿದ ದಾಖಲೆಗಳನ್ನೂ ನಿಭಾಯಿಸುವ ಎಫ್‌ಯುಪಿ2 ಮರುವರ್ಷ ಬಂತು.

ಇತರ ವಿಧಾನಗಳು

2000ದಲ್ಲಿ ಪ್ರಕಟವಾದ ಎಫ್‌ಪಿ-ವೃಕ್ಷವು ವಸ್ತುಗಳನ್ನು ಆವರ್ತನದ ಇಳಿಕೆಯ ಕ್ರಮದಲ್ಲಿ ಜೋಡಿಸುವುದರಿಂದ ಎಣಿಕೆ ಬದಲಾದಂತೆ ಮರವನ್ನೂ ಮರುಜೋಡಿಸಬೇಕಾಗುತ್ತದೆ. ಕ್ಯಾನ್‌ಟ್ರೀ ಎಂಬ ರಚನೆ ವರ್ಣಮಾಲೆಯಂತಹ ಸ್ಥಿರ ಕ್ರಮವನ್ನು ಹಿಡಿದು ಈ ತೊಡಕನ್ನು ತಪ್ಪಿಸಿತು. ಪ್ರತಿಯಾಗಿ ಮರದ ಗಾತ್ರ ಹಿಗ್ಗಬಹುದು. ನಿಲ್ಲದೆ ಹರಿಯುವ ದತ್ತಾಂಶಕ್ಕೆ 2002ರಲ್ಲಿ ಮಂಡಿತವಾದ ಲಾಸಿ ಕೌಂಟಿಂಗ್ ಅಂದಾಜು ಎಣಿಕೆಯನ್ನಷ್ಟೇ ನೀಡುತ್ತದೆ, ಆದರೆ ದೋಷದ ಮಿತಿಯನ್ನು ಮೊದಲೇ ನಿಗದಿಪಡಿಸುತ್ತದೆ.

ಹೆಸರುಗಳ ಬದಲಾವಣೆ

ದಾಖಲೆಗಳ ಸಂಖ್ಯೆಯಷ್ಟೇ ಅಲ್ಲ, ಅವುಗಳಲ್ಲಿನ ಹೆಸರುಗಳೂ ಬದಲಾಗುತ್ತವೆ. ಇಂಗ್ಲಿಷಿನಲ್ಲಿ ‘ಬೆಲ್ಗಾಮ್’ ಎಂದು ಬರೆಯಲಾಗುತ್ತಿದ್ದ ನಗರದ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ‘ಬೆಳಗಾವಿ’ ಆಯಿತು. ಎರಡೂ ರೂಪಗಳು ಒಂದೇ ದತ್ತಸಂಚಯದಲ್ಲಿ ಉಳಿದರೆ ಯಂತ್ರವು ಅವನ್ನು ಎರಡು ಊರುಗಳೆಂದು ಎಣಿಸುತ್ತದೆ. ಬೆಂಬಲ ಹಂಚಿಹೋಗಿ ನಿಜವಾದ ವಿನ್ಯಾಸವೂ ಮಿತಿಗಿಂತ ಕೆಳಗಿಳಿಯಬಹುದು. ಮೇಲಿನ ಯಾವ ವಿಧಾನವೂ ಇದನ್ನು ತಾನಾಗಿ ಸರಿಪಡಿಸುವುದಿಲ್ಲ. ಎಣಿಕೆಗೆ ಮುನ್ನವೇ ಹೆಸರುಗಳನ್ನು ಒಂದಾಗಿಸಬೇಕು.