ಎದೆಯ ಎಕ್ಸ್‌ರೇ ಓದಿನ ಏಕರೂಪತೆ: ಚಿಕ್ಕಬಳ್ಳಾಪುರ ಸೀಮೆಯ ಕ್ಷಯದ ಅಂಕಿಗಳನ್ನು ಹೋಲಿಸುವ ಕುರಿತು

1. ವ್ಯಾಪ್ತಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು. ಹಾಗಾಗಿ ಅದಕ್ಕೂ ಹಿಂದಿನ ಜಿಲ್ಲಾವಾರು ಅಂಕಿಗಳನ್ನು ಇಂದಿನವುಗಳೊಡನೆ ನೇರವಾಗಿ ಹೋಲಿಸಲಾಗದು. ಗಡಿ ಬದಲಾದದ್ದು ದಾಖಲೆಯಲ್ಲಿ ಕಾಣುತ್ತದೆ. ಚಿತ್ರ ಓದುವ ನಿಯಮ ಬದಲಾದದ್ದು ಬಹುಮಟ್ಟಿಗೆ ಕಾಣುವುದಿಲ್ಲ. ಈ ಟಿಪ್ಪಣಿ ಎರಡನೆಯದಕ್ಕೆ ಸೀಮಿತ.

2. ಹಳೆಯ ಸಮೀಕ್ಷೆಗಳು

1955–58ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಎಕ್ಸ್‌ರೇ ಆಧಾರದ ಸಕ್ರಿಯ ಕ್ಷಯ ಸಾವಿರಕ್ಕೆ ಸುಮಾರು 13ರಿಂದ 25, ಕಫದಲ್ಲಿ ರೋಗಾಣು ಕಂಡವರು ಸುಮಾರು 2ರಿಂದ 8. ಈ ಅಂತರವನ್ನು ಪೂರ್ತಿಯಾಗಿ ಓದಿನ ದೋಷವೆನ್ನಲಾಗದು. ರೋಗಾಣು ಕಾಣದ ಕ್ಷಯವೂ ಇದೆ, ಹಳೆಯ ಗಾಯದ ಕಲೆಯನ್ನು ಸಕ್ರಿಯವೆಂದು ಓದುವ ಸಾಧ್ಯತೆಯೂ ಇದೆ. ಎರಡರ ಪಾಲು ಎಷ್ಟೆಷ್ಟೆಂದು ಈ ಎರಡು ಅಂಕಿಗಳಿಂದಷ್ಟೇ ಬೇರ್ಪಡಿಸಲು ಬಾರದು.

ಗೌರಿಬಿದನೂರಿಗೆ ಹೊಂದಿಕೊಂಡ ತುಮಕೂರು ಜಿಲ್ಲೆಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ಸಮೀಕ್ಷೆ ನಡೆಸಿತು. 1961–68ರಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿತು. ನಾಲ್ಕು ತಾಲ್ಲೂಕುಗಳಿಗೆ ಇವು ನೆರೆಯ ಸಾಕ್ಷ್ಯವೇ ಹೊರತು ಬದಲಿಯಲ್ಲ.

3. ಓದುವವರ ಭಿನ್ನಮತ

ಅಂತರರಾಷ್ಟ್ರೀಯ ಕ್ಷಯ ನಿವಾರಣಾ ಒಕ್ಕೂಟದ ಅಧ್ಯಯನದಲ್ಲಿ (1968ರಲ್ಲಿ ಪ್ರಕಟ) 1100 ಕಿರುಚಿತ್ರಗಳನ್ನು 9 ದೇಶಗಳ 90 ವೈದ್ಯರು ಓದಿದರು. ಭಿನ್ನಮತದ ಸೂಚ್ಯಂಕ ಕುಳಿಯ ವಿಷಯದಲ್ಲಿ ಶೇ. 28, ಶ್ವಾಸಕೋಶದಲ್ಲಿ ಯಾವುದೇ ಅಸಹಜತೆ ಇದೆಯೇ ಎಂಬುದರಲ್ಲಿ ಶೇ. 34, ಸುಣ್ಣಗಟ್ಟಿದ ಕಲೆಯಲ್ಲಿ ಶೇ. 42, ಶ್ವಾಸಮೂಲದ ದುಗ್ಧಗ್ರಂಥಿ ಊದಿರುವುದರಲ್ಲಿ ಶೇ. 60. ಏಕರೂಪತೆಯ ಬೇಡಿಕೆ ಎಲ್ಲ ಲಕ್ಷಣಗಳಿಗೂ ಒಂದೇ ತೂಕದ್ದಲ್ಲ ಎಂದು ಇದು ಸೂಚಿಸುತ್ತದೆ: ಕುಳಿಗಿಂತ ಗ್ರಂಥಿಯ ವ್ಯಾಖ್ಯೆ ಹೆಚ್ಚು ಬಿಗಿಯಾಗಬೇಕು.

4. ಕಲ್ಲುದೂಳು

ಚಿಕ್ಕಬಳ್ಳಾಪುರ ಭಾಗದ ಕ್ವಾರಿ, ಕ್ರಷರ್ ಕೆಲಸಗಾರರ ಚಿತ್ರಗಳು ವಿಶೇಷ ಎಚ್ಚರ ಬೇಡುತ್ತವೆ. ಸಿಲಿಕೋಸಿಸ್‌ನ ಗಂಟುಗಳು ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲೇ ಹೆಚ್ಚು, ಗ್ರಂಥಿಗಳೂ ಊದಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಅಪಾಯವೂ ಹೆಚ್ಚಿರುವುದರಿಂದ ‘ಕ್ಷಯ / ಇತರ’ ಎಂಬ ಎರಡೇ ಖಾನೆಯ ನಮೂನೆ ಇಲ್ಲಿ ಸಾಲದು. ದೂಳಿನ ಕಾಯಿಲೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಚಿತ್ರಗಳಿವೆ. ಕ್ಷಯಕ್ಕೆ ಅಷ್ಟೇ ವ್ಯಾಪಕವಾಗಿ ಒಪ್ಪಿತವಾದ ಸರಣಿ ಇಲ್ಲವೆನ್ನಬಹುದು.

5. ಯಂತ್ರದ ಓದು

2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ (15 ವರ್ಷ ಮೇಲ್ಪಟ್ಟವರು, ಕ್ಷಯ ಲಕ್ಷಕ್ಕೆ 312) ಪತ್ತೆಯಾದವರಲ್ಲಿ ಶೇ. 42.6 ಮಂದಿ ಎಕ್ಸ್‌ರೇ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದರು. ಆದ್ದರಿಂದ ಚಿತ್ರವನ್ನು ಕೈಬಿಡುವಂತಿಲ್ಲ. 15 ವರ್ಷ ಮೇಲ್ಪಟ್ಟವರ ತಪಾಸಣೆಯಲ್ಲಿ ಗಣಕದ ಓದಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಮ್ಮತಿಸಿತು. ಆದರೆ ಎಲ್ಲೆಡೆ ಸಲ್ಲುವ ಒಂದೇ ಅಂಕಮಿತಿಯನ್ನು (ಗಣಕ ಕೊಡುವ ಅಂಕ ಎಷ್ಟಾದರೆ ಕ್ಷಯದ ಶಂಕೆ ಎಂಬ ಗಡಿಯನ್ನು) ನಿಗದಿಪಡಿಸಲಿಲ್ಲ. ತಂತ್ರಾಂಶದ ಆವೃತ್ತಿ, ಅಂಕಮಿತಿ, ಓದಿದವರ ಸಂಖ್ಯೆ, ಭಿನ್ನಮತ ಬಂದಾಗ ತೀರ್ಪಿನ ಕ್ರಮ: ಈ ನಾಲ್ಕೂ ನಮೂದಾಗದ ‘ಎಕ್ಸ್‌ರೇ ಪಾಸಿಟಿವ್’ ಅಂಕಿಯನ್ನು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋಲಿಸದಿರುವುದು ಲೇಸು. ಇವುಗಳಲ್ಲಿ ಅಂಕಮಿತಿಯೊಂದು ಬದಲಾದರೂ ಕಫ ಪರೀಕ್ಷೆಗೆ ಹೋಗುವವರ ಸಂಖ್ಯೆ ಬದಲಾಗುತ್ತದೆ.