ಗೆಲ್ತಾಳಾ ಅನ್ನೋ ಪ್ರಶ್ನೆ

1972ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಲ್ಲುತ್ತೇನೆಂದು ಒಬ್ಬ ಕರಿಯ ಹೆಂಗಸು ಹೇಳಿದಾಗ ಎಲ್ಲರೂ ಕೇಳಿದ್ದು ಒಂದೇ ಮಾತು: ಗೆಲ್ತಾಳಾ? ಬಿಳಿಯರು ಕೇಳಿದರು, ಸರಿ. ಕರಿಯರ ಮುಖಂಡರೂ ಅದನ್ನೇ ಕೇಳಿದರು. ಈ ಪ್ರಶ್ನೆ ನಮಗೆ ಹೊಸದೇನಲ್ಲ. ನಮ್ಮವನೊಬ್ಬ ಸಾಮಾನ್ಯ ಕ್ಷೇತ್ರದಲ್ಲಿ ನಾಮಪತ್ರ ಹಾಕಲು ಹೊರಟರೆ, 'ನಿಂಗ್ಯಾಕಪ್ಪ ಇದೆಲ್ಲ, ಓಟು ಹಾಳು' ಅಂತ ಮೊದಲು ಬಂದು ಹೇಳೋರು ನಮ್ಮ ಹಿತೈಷಿಗಳೇ. ಹಾಗಾಗಿ ಶರ್ಲಿ ಚಿಸಮ್ ಕಥೆ ನಮಗೆ ಬೇಕು.

ಆಕೆ ಹುಟ್ಟಿದ್ದು 1924ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಗಯಾನದಿಂದ ಬಂದು ಗೋಣಿಚೀಲದ ಕಾರ್ಖಾನೆಯಲ್ಲಿ ದುಡಿದವನು. ಅವ್ವ ಬಾರ್ಬಡೋಸಿನವಳು, ಬಟ್ಟೆ ಹೊಲಿದು, ಕಂಡವರ ಮನೆಯ ಕಸಮುಸುರೆ ಮಾಡಿದವಳು. ಮಗಳು ಶಿಶುವಿಹಾರದ ಟೀಚರಾದಳು. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದ ಮೊದಲ ಕರಿಯ ಹೆಂಗಸಾದಳು. ಪಟ್ಟಣದಿಂದ ಬಂದ ಈಕೆಯನ್ನು ಅಲ್ಲಿನ ಧಣಿಗಳು ಕೃಷಿ ಸಮಿತಿಗೆ ಹಾಕಿದರು. ನನ್ನ ಜನಕ್ಕೆ ಇದರಿಂದ ಏನು ಬಂತು ಅಂತ ಆಕೆ ಸಭೆಯಲ್ಲೇ ಜಗಳ ತೆಗೆದು ಸಮಿತಿ ಬದಲಾಯಿಸಿಕೊಂಡಳು. ತನ್ನನ್ನು ಯಾರೂ ಕೊಂಡಿಲ್ಲ, ತನಗೆ ಯಾವ ಧಣಿಯೂ ಇಲ್ಲ ಅನ್ನೋದೇ ಆಕೆಯ ಚುನಾವಣಾ ಘೋಷಣೆ. (ನಮ್ಮ ಮೀಸಲು ಕ್ಷೇತ್ರಗಳಿಂದ ಗೆದ್ದು ಬಂದವರಲ್ಲಿ ಎಷ್ಟು ಮಂದಿ ಹಾಗೆ ಹೇಳಿಯಾರು?)

ಅಮೆರಿಕದಲ್ಲಿ ಪಕ್ಷದ ಟಿಕೆಟ್ಟನ್ನೂ ಜನರ ಓಟಿನಿಂದಲೇ ಪಡೀಬೇಕು. ಅದಕ್ಕೆ ಪ್ರೈಮರಿ ಅಂತಾರೆ. ಒಂದೊಂದು ರಾಜ್ಯದಿಂದ ಪ್ರತಿನಿಧಿಗಳು ಆರಿಸಿ ಬರುತ್ತಾರೆ, ಕೊನೆಗೆ ಪಕ್ಷದ ಸಮಾವೇಶದಲ್ಲಿ ತಲೆ ಎಣಿಸುತ್ತಾರೆ. ಚಿಸಮ್ ಲೆಕ್ಕ ಗೆಲ್ಲುವುದಾಗಿರಲಿಲ್ಲ. ಯಾರಿಗೂ ಬಹುಮತ ಬಾರದಿದ್ದರೆ ಕರಿಯರ, ಹೆಂಗಸರ, ಬಡವರ ಪ್ರತಿನಿಧಿಗಳನ್ನು ಒಂದು ಗಂಟು ಕಟ್ಟಿ, ಬೆಂಬಲ ಬೇಕಾದರೆ ನಮ್ಮ ಬೇಡಿಕೆ ಒಪ್ಪು ಅಂತ ಚೌಕಾಸಿ ಮಾಡುವುದು. ಬೇಡುವ ಕೈ ಕೇಳುವ ಕೈಯಾಗಬೇಕಿತ್ತು.

ಆದರೆ ಗಂಟು ಕಟ್ಟೋಕೆ ಬಿಟ್ಟರೆ ತಾನೆ! ಆ ಮಾರ್ಚಿಯಲ್ಲಿ ಗ್ಯಾರಿ ಪಟ್ಟಣದಲ್ಲಿ ಕರಿಯರ ದೊಡ್ಡ ರಾಜಕೀಯ ಸಮಾವೇಶ ಸೇರಿತು. ಆಕೆಗೆ ಬೆಂಬಲ ಘೋಷಿಸಲಿಲ್ಲ. ಮಹಿಳಾ ಚಳವಳಿಯ ನಾಯಕಿಯರಲ್ಲೂ ಹಲವರು ಗೆಲ್ಲುವ ಕುದುರೆ ಅಂತ ಮೆಕ್‌ಗವರ್ನ್ ಕಡೆ ವಾಲಿದರು. ಕರಿಯಳಾಗಿದ್ದಕ್ಕಿಂತ ಹೆಣ್ಣಾಗಿದ್ದಕ್ಕೇ ತಾನು ಹೆಚ್ಚು ಪೆಟ್ಟು ತಿಂದೆ ಅಂತ ಆಕೆ ಮುಂದೆ ಹೇಳಿದ್ದುಂಟು. ನಮ್ಮ ಸಂಘಟನೆಗಳ ಗಂಡಸರೂ ಈ ಮಾತು ಕೇಳಿಸಿಕೊಳ್ಳಬೇಕು. ಬೆನ್ನಿಗೆ ನಿಂತವರು ಬ್ಲ್ಯಾಕ್ ಪ್ಯಾಂಥರ್ಸ್. ಅವರ ಬೆಂಬಲ ಬೇಡ ಅನ್ನು, ಮಾನ ಉಳಿಯುತ್ತೆ ಅಂದವರಿಗೆ ಆಕೆ ಸೊಪ್ಪು ಹಾಕಲಿಲ್ಲ. ಆ ಹೆಸರನ್ನೇ ಹೊತ್ತು ಅದೇ 1972ರಲ್ಲಿ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು.

ದುಡ್ಡಿಲ್ಲ. ಇಡೀ ಪ್ರಚಾರಕ್ಕೆ ಸುಮಾರು 3 ಲಕ್ಷ ಡಾಲರ್, ಅಲ್ಲಿನ ಲೆಕ್ಕಕ್ಕೆ ಅದು ಚಿಲ್ಲರೆ. ಟಿ.ವಿ.ಯ ಚರ್ಚೆಗಳಿಗೆ ಕರೆಯಲಿಲ್ಲ, ಕೋರ್ಟಿಗೆ ಹೋಗಿ ಅರ್ಧ ಗಂಟೆ ಕಿತ್ತುಕೊಂಡಳು.

ಮೇ 15ರಂದು ಇನ್ನೊಬ್ಬ ಅಭ್ಯರ್ಥಿ ಜಾರ್ಜ್ ವಾಲೇಸ್‌ಗೆ ಗುಂಡು ಬಿತ್ತು. ಕರಿಯ ವಿದ್ಯಾರ್ಥಿಗಳನ್ನು ಬಿಳಿಯರ ವಿಶ್ವವಿದ್ಯಾಲಯಕ್ಕೆ ಸೇರಿಸಕೂಡದೆಂದು ಬಾಗಿಲಿಗೆ ಅಡ್ಡ ನಿಂತಿದ್ದ ಅಲಬಾಮದ ಗವರ್ನರ್ ಆತ. ಆಸ್ಪತ್ರೆಗೆ ಹೋಗಿ ಚಿಸಮ್ ಆತನನ್ನು ಮಾತಾಡಿಸಿ ಬಂದಳು. ಆಕೆಯ ಜನವೇ ಉರಿದುಬಿದ್ದರು. ನಮಗೂ ಇದು ಸುಲಭವಾಗಿ ಅರಗುವ ಮಾತಲ್ಲ. ಆದರೆ ಮನೆಗೆಲಸದವರನ್ನು ಕನಿಷ್ಠ ಕೂಲಿಯ ಕಾನೂನಿಗೆ ಸೇರಿಸಲು ಆಕೆ ಹೊಡೆದಾಡಿದಾಗ ದಕ್ಷಿಣದ ಸದಸ್ಯರ ಓಟು ತರಲು ವಾಲೇಸ್ ನೆರವಾದನಂತೆ, ಆಕೆಯೇ ಹೇಳಿದ್ದು. ಆ ಕಾನೂನು 1974ರಲ್ಲಿ ಬಂತು. ಮುಸುರೆ ತಿಕ್ಕಿದವಳ ಮಗಳು ಅದನ್ನು ತಂದಳು.

ಜುಲೈನಲ್ಲಿ ಮಯಾಮಿ ಬೀಚ್‌ನ ಸಮಾವೇಶ. ಗೆಲ್ಲಲು ಬೇಕಿದ್ದದ್ದು 1,509. ಮೆಕ್‌ಗವರ್ನ್‌ಗೆ 1,700ಕ್ಕೂ ಮಿಕ್ಕಿ ಬಂತು, ಚಿಸಮ್‌ಗೆ 152ರ ಆಸುಪಾಸು. ಅದರಲ್ಲೂ ಕೆಲವು ಹಂಫ್ರಿ ಕೈಬಿಟ್ಟ ಕರಿಯ ಪ್ರತಿನಿಧಿಗಳವು. ಚೌಕಾಸಿಗೆ ಜಾಗವೇ ಉಳಿಯಲಿಲ್ಲ. ಆಮೇಲೆ ನವೆಂಬರಿನಲ್ಲಿ ಆ 'ಗೆಲ್ಲುವ ಕುದುರೆ' 50 ರಾಜ್ಯಗಳಲ್ಲಿ 49ನ್ನು ನಿಕ್ಸನ್‌ಗೆ ಸೋತಿತು. ಓಟು ಹಾಳಾಗಿದ್ದು ಯಾರದು?

ಚೌಕಾಸಿ ಅಲ್ಲಿಗೆ ನಿಲ್ಲಲಿಲ್ಲ. 1984ರಲ್ಲಿ ಜೆಸ್ಸಿ ಜಾಕ್ಸನ್ ನಿಂತ. ನೂರಕ್ಕೆ 18ರಷ್ಟು ಓಟು ಬಂದರೂ ಪ್ರತಿನಿಧಿಗಳು ಸಿಕ್ಕಿದ್ದು ಅದಕ್ಕಿಂತ ಬಹಳ ಕಡಿಮೆ, ಎಣಿಕೆಯ ನಿಯಮವೇ ಹಾಗಿತ್ತು. 1988ರಲ್ಲಿ ಮತ್ತೆ ನಿಂತು ಸುಮಾರು 70 ಲಕ್ಷ ಓಟು ತಂದ. ಸೋತ, ಆದರೆ ಆ ಬಲದ ಮೇಲೆ ಜಗ್ಗಾಡಿ, ಓಟಿಗೆ ತಕ್ಕ ಪಾಲು ಸಿಗುವಂತೆ ಪಕ್ಷದ ನಿಯಮ ತಿದ್ದಿಸಿದ. ಗೆದ್ದವನಿಗೆ ಹೆಚ್ಚುವರಿ ಸೀಟು ಕೊಡುವ ಪದ್ಧತಿ ಹೋಯಿತು. 2008ರಲ್ಲಿ ಹಿಲರಿ ಕ್ಲಿಂಟನ್ ಕ್ಯಾಲಿಫೋರ್ನಿಯ, ನ್ಯೂಯಾರ್ಕಿನಂಥ ದೊಡ್ಡ ರಾಜ್ಯಗಳನ್ನು ಗೆದ್ದಾಗಲೂ ಬರಾಕ್ ಒಬಾಮ ಅಲ್ಲೆಲ್ಲ ತನ್ನ ಪಾಲು ಪಡೆದು ಮುಂದೆ ಹೋದದ್ದು ಇದೇ ನಿಯಮದಿಂದ. ಅಷ್ಟೊತ್ತಿಗೆ ಚಿಸಮ್ ತೀರಿಕೊಂಡು ಮೂರು ವರ್ಷವಾಗಿತ್ತು.